ರೈಲಿನ ಮರ್ಲ್
ಪಡುಬಿದ್ರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕ್ಯಾಮೆರಾ ಹಿಡಿದು ನಿಂತ ಹುಡುಗನನ್ನು ಕಂಡು ಪಕ್ಕದಲ್ಲಿದ್ದವರು ‘ಇವನಿಗೆ ರೈಲಿನ ಮರ್ಲ್’ ಎಂದರು. ಅವನು ಕಾದಿದ್ದು ಜನ ಹತ್ತುವ ಗಾಡಿಗಲ್ಲ, ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೊಲಾಡಿಗೆ ಲಾರಿಗಳನ್ನೇ ಹೊತ್ತೊಯ್ಯುವ ರೋರೋ ಗಾಡಿಗೆ. ಸಾಲುಸಾಲು ಲಾರಿಗಳ ಟಾರ್ಪಾಲು ಪಟಪಟ ಬಡಿಯುತ್ತ, ಕ್ಯಾಬಿನ್ನಿನೊಳಗಿಂದ ಡ್ರೈವರೊಬ್ಬ ಕೈಬೀಸುತ್ತ ದಾಟಿಹೋದಾಗ ಹುಡುಗನ ಮುಖ ನೋಡಬೇಕಿತ್ತು. ಮರ್ಲ್ ಅಂದರೆ ತುಳುವಿನಲ್ಲಿ ಹುಚ್ಚು; ತುಳುನಾಡಿನಲ್ಲಿ ಯಕ್ಷಗಾನದ ಆಟದ ಹುಚ್ಚಿಗೂ ಕಂಬಳದ ಹುಚ್ಚಿಗೂ ಅಂಟುವ ಮಾತಿದು, ಅದರಲ್ಲಿ ಅರ್ಧ ಪ್ರೀತಿಯೇ. ಹೊರಗಿನವರ ಮಾತಿನಲ್ಲಿ ಅಷ್ಟು ಕರುಣೆಯಿಲ್ಲ: ರೈಲು ಕಂಡರೆ ಬಾಯಲ್ಲಿ ನೊರೆ ಬರುತ್ತದೆಂದು ಅಮೆರಿಕದವರು ‘ಫೋಮರ್’ ಅಂದರು, ಬ್ರಿಟನ್ನಿನವರು ಇಂಥವರು ತೊಡುವ ಮಳೆಯಂಗಿಯ ಹೆಸರನ್ನೇ ಹಚ್ಚಿ ‘ಅನೊರಾಕ್’ ಅಂದರು, ಆಸ್ಟ್ರೇಲಿಯಾದಲ್ಲಿ ‘ಗುಂಜೆಲ್’. ಜಪಾನಿನವರದು ನನಗೆ ಹಿಡಿಸುತ್ತದೆ. ಫೋಟೊ ತೆಗೆಯುವವನು ‘ತೊರಿತೆತ್ಸು’, ಹತ್ತಿ ಸುತ್ತುವುದರಲ್ಲೇ ಸುಖ ಕಾಣುವವನು ‘ನೊರಿತೆತ್ಸು’. ಹುಚ್ಚಿನೊಳಗಿನ ಬಗೆಗಳನ್ನು ಗುರುತಿಸಿ ಹೆಸರಿಡುವುದೂ ಗೌರವವೇ. 2022ರಲ್ಲಿ ಕೊಂಕಣ ರೈಲ್ವೆಯ ವಿದ್ಯುದೀಕರಣ ಮುಗಿದ ಮೇಲೆ ಡೀಸೆಲ್ ಇಂಜಿನ್ನಿನ ಆ ಗುಡುಗು ನಮ್ಮೂರ ಹಳಿಯ ಮೇಲೆ ಕಡಿಮೆಯಾಗುತ್ತ ಬಂದಿದೆ. ಯಾರೂ ಹೇಳದೆಯೇ ಅದನ್ನು ರೆಕಾರ್ಡ್ ಮಾಡಿ ಕಾಪಿಟ್ಟವರು ಈ ಮರ್ಲಿನವರು. ಹುಡುಗ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ಮಳೆಯ ಸದ್ದು, ಅದರಾಚೆ ದೂರದಿಂದ ಹತ್ತಿರವಾಗುತ್ತಿರುವ ಇಂಜಿನ್ನು.