ಬೆಳಗಿನ ಆ ಒಂದು ಗಂಟೆ ನನ್ನ ಮೊದಲ ಕೆಲಸ

ಕಳೆದ ತಿಂಗಳು ತುಮಕೂರಿನಲ್ಲಿ ಒಂದು ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಮಾರ್ಕ್ಸ್ ಕಾರ್ಡ್ ನೋಡಿದರು, ಕಂಪ್ಯೂಟರ್‌ನಲ್ಲಿ ಒಂದು ಬಿಲ್ ಮಾಡಿಸಿದರು, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಕೊನೆಗೆ ಕೇಳಿದರು: ‘ಬೆಳಿಗ್ಗೆ ಆರು ಗಂಟೆಗೆ ಬರೋಕಾಗುತ್ತಾ?’

‘ಎಂಟಕ್ಕೆ ಬರ್ತೀನಿ ಸರ್. ಅದಕ್ಕೆ ಮುಂಚೆ ದಿನಾ ಒಂದು ಗಂಟೆ ಬೇರೆ ಕೆಲಸ ಇರುತ್ತೆ’ ಎಂದೆ.

‘ಏನು, ಇನ್ನೊಂದು ಕಡೆ ಡ್ಯೂಟಿನಾ?’

‘ಅಲ್ಲ ಸರ್. ಎದೆಯಿಂದ ಕಫ ತೆಗೀಬೇಕು.’

ಎದುರಿಗಿದ್ದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ‘ಅಂಟುವ ಕಾಯಿಲೆ ಅಲ್ಲ ಸರ್’ ಎಂದು ನಾನು ಹೇಳುವಷ್ಟರಲ್ಲಿ ‘ಫೋನ್ ಮಾಡ್ತೀವಿ’ ಎಂದುಬಿಟ್ಟರು.

ನನಗಿರುವುದು ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬರುವ ಕಾಯಿಲೆ. ದೇಹದ ಜೀವಕೋಶಗಳಲ್ಲಿ ಉಪ್ಪು, ನೀರು ಸರಿಯಾಗಿ ಓಡಾಡಲು ಒಂದು ಬಾಗಿಲಿರುತ್ತದೆ. ಅದನ್ನು ಮಾಡಿಸುವ ಜೀನ್ ನನ್ನಲ್ಲಿ ಕೆಟ್ಟಿದೆ. ಹಾಗಾಗಿ ಬೇರೆಯವರ ಎದೆಯಲ್ಲಿ ನೀರಿನಂತೆ ತೆಳ್ಳಗಿರುವ ಲೋಳೆ ನನ್ನ ಎದೆಯಲ್ಲಿ ಅಂಟಿನ ಹಾಗೆ ಗಟ್ಟಿ. ಅದರಲ್ಲಿ ರೋಗಾಣು ಮನೆ ಮಾಡುತ್ತವೆ. ಒಂದೊಂದು ಸೋಂಕೂ ಶ್ವಾಸನಾಳದ ಗೋಡೆಯನ್ನು ಸ್ವಲ್ಪ ಸ್ವಲ್ಪ ಹಾಳು ಮಾಡಿ ಹೋಗುತ್ತದೆ. ಮೇದೋಜೀರಕದ ನಾಳವೂ ಕಟ್ಟಿಕೊಳ್ಳುವುದರಿಂದ ಪ್ರತಿ ಊಟಕ್ಕೂ ಕಿಣ್ವದ ಕ್ಯಾಪ್ಸೂಲ್ ನುಂಗಬೇಕು.

ನಮ್ಮೂರು ಪಾವಗಡ ತಾಲ್ಲೂಕಿನ ರಾಯಚರ್ಲು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹೊಲದಲ್ಲಿ ಕಡಲೆಕಾಯಿ. ನಮ್ಮ ತಾಲ್ಲೂಕಿಗೆ ಬಿಸಿಲಿನದೇ ಹೆಸರು. ತಿರುಮಣಿ ಬಳಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದದ್ದೂ ಆ ಬಿಸಿಲನ್ನು ನೋಡಿಯೇ. ಬೇಸಿಗೆಯಲ್ಲಿ ನನ್ನ ಅಂಗಿ ಒಣಗಿದರೆ ಬೆನ್ನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಅಜ್ಜಿ ಮುತ್ತು ಕೊಟ್ಟು ತುಟಿ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಬೆನ್ನ ಮೇಲೆ ಹೊತ್ತು ‘ಇವನು ನಿಜವಾಗ್ಲೂ ಉಪ್ಪುಮೂಟೇನೇ’ ಎಂದು ನಗುತ್ತಿದ್ದರು. ಕಾಯಿಲೆಯ ಗುರುತನ್ನು ಅಜ್ಜಿ ಮೊದಲೇ ಹೇಳಿದ್ದರು. ಅದು ಗುರುತು ಎಂದು ನಮಗೆ ಗೊತ್ತಿರಲಿಲ್ಲ, ಅಷ್ಟೆ.

1948ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಪರೀತ ಬಿಸಿಲು ಬಿದ್ದಾಗ ನಿತ್ರಾಣವಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಹಲವರಿಗೆ ಈ ಕಾಯಿಲೆ ಇದ್ದದ್ದು ವೈದ್ಯರ ಗಮನಕ್ಕೆ ಬಂತು. ಏಕೆ ಎಂದು ಹುಡುಕುತ್ತ ಹೋದ ಡಾ. ಪಾಲ್ ಡಿ ಸಾಂಟ್ ಆಗ್ನೀಸ್, ಇವರ ಬೆವರಿನಲ್ಲಿ ಉಪ್ಪು ವಿಪರೀತ ಎಂಬುದನ್ನು 1953ರಲ್ಲಿ ಪ್ರಕಟಿಸಿದರು. ಇವತ್ತಿಗೂ ಈ ಕಾಯಿಲೆಗೆ ಮುಖ್ಯ ಪರೀಕ್ಷೆ ಬೆವರಿನದೇ. ನನಗೆ ಆ ಪರೀಕ್ಷೆ ಆಗಿದ್ದು ಬೆಂಗಳೂರಿನಲ್ಲಿ, ಹನ್ನೊಂದನೇ ವಯಸ್ಸಿಗೆ. ಅದಕ್ಕೂ ಮೊದಲು ಕೆಮ್ಮಿಗೆ ಟಿ.ಬಿ. ಎಂದು ಆರು ತಿಂಗಳು ಮಾತ್ರೆ ನುಂಗಿದ್ದೆ. ಹೊಟ್ಟೆ ಉಬ್ಬರಕ್ಕೆ ಜಂತುಹುಳು ಎಂದು ಇನ್ನೆಷ್ಟೋ ಔಷಧಿ. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹುಕಾಲ ನಂಬಿದ್ದೂ ಅದಕ್ಕೆ ಒಂದು ಕಾರಣ.

ಈಗ ಆ ಒಂದು ಗಂಟೆಯ ವಿಷಯಕ್ಕೆ ಬರುತ್ತೇನೆ.

ಐದೂವರೆಗೆ ಏಳುತ್ತೇನೆ. ನನ್ನ ಗೆಳೆಯರು ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆಂದು ಓಡಲು ಹೊರಡುವ ಹೊತ್ತು. ನಾನು ಮೊದಲು ಶ್ವಾಸನಾಳ ಅಗಲ ಮಾಡುವ ಔಷಧಿ ಎಳೆದುಕೊಳ್ಳುತ್ತೇನೆ. ಆಮೇಲೆ ನೆಬ್ಯುಲೈಸರ್‌ನಲ್ಲಿ ಉಪ್ಪುನೀರಿನ ಆವಿ. ಮೈಯೆಲ್ಲ ಉಪ್ಪಿರುವವನಿಗೆ ಮತ್ತೆ ಉಪ್ಪೇಕೆ ಎಂದು ನೀವು ಕೇಳಬಹುದು. ಉಪ್ಪು ನೀರನ್ನು ಎಳೆಯುತ್ತದೆ, ಲೋಳೆ ಸಡಿಲವಾಗುತ್ತದೆ. ಇದರ ಹಿಂದೆ ಒಂದು ಚಂದದ ಕಥೆಯಿದೆ. ಆಸ್ಟ್ರೇಲಿಯಾದಲ್ಲಿ ಸಮುದ್ರದ ಅಲೆಗಳ ಮೇಲೆ ಸರ್ಫಿಂಗ್ ಆಡುತ್ತಿದ್ದ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳು ಉಳಿದವರಿಗಿಂತ ಚೆನ್ನಾಗಿರುವುದನ್ನು ಅಲ್ಲಿನ ವೈದ್ಯರು ಗಮನಿಸಿದರು. ದಿನಕ್ಕೆರಡು ಬಾರಿ ಗಾಢ ಉಪ್ಪುನೀರಿನ ಆವಿ ತೆಗೆದುಕೊಂಡವರಿಗೆ ಎದೆಯ ಸೋಂಕು ಉಲ್ಬಣಿಸುವುದು ಕಡಿಮೆ ಎಂದು 2006ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ತೋರಿಸಿತು. ಸಮುದ್ರ ನಮ್ಮ ಪಾವಗಡದಿಂದ ಬಲು ದೂರ. ನನಗೆ ಈ ಮಿಷನ್ನೇ ಸಮುದ್ರ. (ಇದು ಮನೆಯಲ್ಲಿ ಉಪ್ಪು ಕಲಸಿ ಮಾಡಿಕೊಳ್ಳುವಂಥದ್ದಲ್ಲ. ವೈದ್ಯರ ಸಲಹೆಯ ಮೇಲೆ, ಆಸ್ಪತ್ರೆಗೆಂದೇ ತಯಾರಾದ ದ್ರಾವಣದಲ್ಲಿ ಮಾಡಬೇಕು.)

ಆಮೇಲೆ ಉಸಿರಿನ ವ್ಯಾಯಾಮ. ಸ್ವಲ್ಪ ಹೊತ್ತು ಮೆಲ್ಲನೆ ಉಸಿರಾಟ. ನಂತರ ಎದೆ ತುಂಬ ಉಸಿರೆಳೆದು ಮೂರು ಸೆಕೆಂಡ್ ಹಿಡಿದು ಬಿಡುವುದು. ಆಮೇಲೆ ಕನ್ನಡಿಗೆ ಆವಿ ಹಿಡಿಸಲು ‘ಹಾ’ ಎನ್ನುತ್ತೇವಲ್ಲ, ಹಾಗೆ ಬಾಯಿ ತೆರೆದು ಜೋರಾಗಿ ಗಾಳಿ ದೂಡುವುದು. ಕಫ ಮೇಲೆ ಬಂದಾಗ ಕೆಮ್ಮಿ ಉಗುಳುವುದು. ಮತ್ತೆ ಮೊದಲಿನಿಂದ. ಸಂಜೆ ಇದೇ ಇನ್ನೊಂದು ಸುತ್ತು. ದೀಪಾವಳಿಗೂ ರಜೆಯಿಲ್ಲ, ಪರೀಕ್ಷೆಯ ದಿನವೂ ಇಲ್ಲ. ಕಲಿಸಿಕೊಟ್ಟ ಫಿಸಿಯೋಥೆರಪಿಸ್ಟ್ ಮೇಡಂ ಹೇಳಿದ್ದು ಒಂದೇ ಮಾತು: ‘ಹಲ್ಲುಜ್ಜೋದನ್ನ ಬಿಡ್ತೀಯಾ? ಇದೂ ಹಾಗೇ.’

ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಒಂದು ಕೊಳವೆಗೆ ಊದುತ್ತೇನೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅದು ಅಳೆಯುತ್ತದೆ. ನನ್ನ ವಯಸ್ಸು, ಎತ್ತರದ ಆರೋಗ್ಯವಂತನಿಗೆ ಇರಬೇಕಾದ್ದರ ಜೊತೆ ಹೋಲಿಸಿ ಶೇಕಡಾವಾರು ಕೊಡುತ್ತದೆ. ಎಫ್‌ಇವಿ1 ಎನ್ನುತ್ತಾರೆ. ನಿಮಗೆ ಸಿಜಿಪಿಎ ಹೇಗೋ ನನಗೆ ಇದು ಹಾಗೆ. ಡಿಗ್ರಿ ಮುಗಿಸಿದಾಗ 68 ಇತ್ತು.

ಆಗಲೇ ನಾನು ದೊಡ್ಡ ತಪ್ಪು ಮಾಡಿದ್ದು. ಬೆಂಗಳೂರಿನ ಒಂದು ಗೋದಾಮಿನಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು. ಶಿಫ್ಟ್ ಬೆಳಿಗ್ಗೆ ಆರಕ್ಕೆ. ಕಾಯಿಲೆಯ ಸುದ್ದಿ ಎತ್ತಲಿಲ್ಲ. ನಾಲ್ಕಕ್ಕೆ ಏಳಬಹುದಲ್ಲ ಎನ್ನುವಿರಿ. ಎದ್ದೆ, ಒಂಬತ್ತು ದಿನ. ಪಿ.ಜಿ. ರೂಮಿನಲ್ಲಿ ಐದು ಜನ. ನೆಬ್ಯುಲೈಸರ್ ಸದ್ದಿಗೆ ಎಲ್ಲರಿಗೂ ಎಚ್ಚರ. ‘ಮಗಾ, ರಾತ್ರಿ ಪಾಳಿ ಮುಗಿಸಿ ಈಗ ಮಲಗಿದ್ದೀನಿ ಕಣೋ’ ಎಂದು ಒಬ್ಬ ಕೈಮುಗಿದ. ಅವನದೂ ತಪ್ಪಲ್ಲ. ಮಿಷನ್ ಬ್ಯಾಗಿಗೆ ಹೋಯಿತು. ಕೆಮ್ಮು ಬಂದರೆ ಟಾಯ್ಲೆಟ್‌ಗೆ ಹೋಗಿ ಕೆಮ್ಮಿ ಬರುತ್ತಿದ್ದೆ. ಒಂದು ದಿನವೂ ಲೇಟಾಗಿ ಹೋಗಲಿಲ್ಲ. ಮೂರು ತಿಂಗಳ ಹಾಜರಾತಿ ಪೂರ್ತಿ.

ನಾಲ್ಕನೇ ತಿಂಗಳು ಜ್ವರ ಬಂದು ಆಸ್ಪತ್ರೆ ಸೇರಿದೆ. ಎರಡು ವಾರ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್. ಊದಿಸಿದರು: 56. ಹಾಜರಾತಿಗೆ ಕೊಟ್ಟ ಬೆಲೆ 12.

ಊರಿಗೆ ವಾಪಸ್ ಬಂದೆ. ‘ಅದಿಷ್ಟೂ ವಾಪಸ್ ಬರುತ್ತಾ ಡಾಕ್ಟ್ರೇ?’ ಎಂದು ಅಮ್ಮ ಕೇಳಿದ್ದರು. ‘ಸೋಂಕಿನಿಂದ ಕಟ್ಟಿಕೊಂಡಿರೋದು ಬಿಡಬಹುದು, ಹಾಳಾಗಿರೋದು ಬರಲ್ಲಮ್ಮ’ ಎಂದಿದ್ದರು ಅವರು. ಎಷ್ಟು ಕಟ್ಟಿದೆ, ಎಷ್ಟು ಹಾಳಾಗಿದೆ ಎಂದು ತಿಳಿಯುವ ದಾರಿ ದಿನಾ ಮಾಡುವುದೊಂದೇ. ಮಾಡಿದೆ. ಜೊತೆಗೆ ಪಾವಗಡದ ಬೆಟ್ಟ ಹತ್ತಲು ಶುರು ಮಾಡಿದೆ. ಮೊದಲ ದಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಏಳು ಕಡೆ ಕೂತೆ. ಜೇಬಿನಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರಿನ ಬಾಟಲಿ. ಎಂಟು ತಿಂಗಳಾದ ಮೇಲೆ ಎರಡೇ ಕಡೆ ಕೂತು ಮೇಲೆ ಹೋದೆ. ಆಗ ಊದಿದಾಗ 64. ಅದಾದ ಮೇಲೆ ಅಲ್ಲೇ ನಿಂತಿದೆ. ಉಳಿದ ನಾಲ್ಕು ಬಹುಶಃ ಆ ಗೋದಾಮಿನಲ್ಲೇ ಉಳಿದವು.

‘ಇದಕ್ಕೆ ಔಷಧಿನೇ ಇಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಇದೆ. ಕೆಟ್ಟ ಬಾಗಿಲನ್ನೇ ಸರಿಪಡಿಸುವ ಟ್ರಿಕಾಫ್ಟಾ ಎಂಬ ಮಾತ್ರೆಗೆ 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಪರೀಕ್ಷೆಯ ಹಂತದಲ್ಲೇ ಅದು ರೋಗಿಗಳ ಎಫ್‌ಇವಿ1 ಅನ್ನು ಸರಾಸರಿ 14ರಷ್ಟು ಮೇಲೆತ್ತಿತ್ತು. ನಾನು ಎಂಟು ತಿಂಗಳು ಬೆಟ್ಟ ಹತ್ತಿ ಗಳಿಸಿದ್ದು ಎಂಟು. ಆದರೆ ಅಲ್ಲಿ ಅದರ ಬೆಲೆ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು, ಅಂದರೆ ಎರಡು ಕೋಟಿ ರೂಪಾಯಿ ಮೀರುತ್ತದೆ. ಜೀವನಪೂರ್ತಿ ನುಂಗಬೇಕು. ಅದು ಎಲ್ಲ ಬಗೆಯ ಜೀನ್ ದೋಷಕ್ಕೂ ಕೆಲಸ ಮಾಡುವುದಿಲ್ಲ. ಯುರೋಪಿನವರಲ್ಲಿ ಅತಿ ಹೆಚ್ಚಾಗಿರುವ ದೋಷ ನಮ್ಮ ದೇಶದ ರೋಗಿಗಳಲ್ಲಿ ಅಷ್ಟಿಲ್ಲ. ನಮ್ಮ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ಕಾಯಿಲೆಯ ಹೆಸರಿದೆ. ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ. ಲೆಕ್ಕ ನೀವೇ ಹಾಕಿ.

ಆ ಮಾತ್ರೆ ಅಗ್ಗವಾಗಲಿ ಎಂದು ನಾನೂ ಕಾಯುತ್ತಿದ್ದೇನೆ. ಆದರೆ ಈ ಬರಹ ಅದಕ್ಕಲ್ಲ. ಆ ಮಾತ್ರೆ ಬರುವವರೆಗೆ ನನ್ನ ಶ್ವಾಸಕೋಶವನ್ನು ಉಳಿಸುವುದು ಬೆಳಗಿನ ಆ ಒಂದು ಗಂಟೆ. ಅದಕ್ಕೆ ಯಾರೂ ಕೋಟಿ ಕೊಡಬೇಕಿಲ್ಲ. ಅದೂ ಒಂದು ಕೆಲಸ ಎಂದು ಒಪ್ಪಿಕೊಂಡರೆ ಸಾಕು. ನಾನು ಕೇಳುವುದು ಇಷ್ಟೇ.

ಕಾಲೇಜಿನಲ್ಲಿ ಮೊದಲ ಪೀರಿಯಡ್‌ಗೆ ಲೇಟಾದರೆ ಗೈರು. ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಡಾಕ್ಟರ್ ಚೀಟಿ ಕೊಟ್ಟರೆ ‘ಅಡ್ಮಿಟ್ ಆಗಿದ್ಯಾ?’ ಎಂದು ಕೇಳುತ್ತಿದ್ದರು. ಹಾಸಿಗೆ ಹಿಡಿದರೆ ರಜೆ ಸಿಗುತ್ತದೆ, ಹಾಸಿಗೆ ಹಿಡಿಯದಂತೆ ನೋಡಿಕೊಳ್ಳಲು ಒಂದು ಗಂಟೆ ಸಿಗುವುದಿಲ್ಲ. ಕೆಲಸ ಕೊಡುವವರದೂ ಇದೇ ಲೆಕ್ಕ.

ಕಾನೂನಿನಲ್ಲೂ ನಮಗೆ ಜಾಗ ಕಿರಿದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹಿಮೊಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್ ಇವೆ. ಸಿಸ್ಟಿಕ್ ಫೈಬ್ರೋಸಿಸ್ ಹೆಸರಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ವೈಕಲ್ಯಗಳನ್ನೂ ಸೇರಿಸಬಹುದು ಎಂದು ಅದೇ ಪಟ್ಟಿಯ ಕೊನೆಯಲ್ಲಿದೆ. ಸೇರಿಸಲಿ. ನಾವೇ ಒಟ್ಟಾಗಿ ಧರಣಿ ಕೂತು ಕೇಳೋಣವೆಂದರೆ ಅದೂ ಆಗದು. ಒಬ್ಬರ ಎದೆಯ ರೋಗಾಣು ಇನ್ನೊಬ್ಬರಿಗೆ ಅಪಾಯ ಎಂದು ಆಸ್ಪತ್ರೆಯಲ್ಲೂ ನಮ್ಮನ್ನು ದೂರ ದೂರ ಕೂರಿಸುತ್ತಾರೆ. ನಿಮಗೆ ಅಂಟದ ಕಾಯಿಲೆಯವರು ನಾವು, ಆದರೆ ನಮ್ಮಲ್ಲೇ ಒಬ್ಬರ ಪಕ್ಕ ಒಬ್ಬರು ಕೂರುವ ಹಾಗಿಲ್ಲ. ಅದಕ್ಕೇ ನಮ್ಮ ಪರವಾಗಿ ನೀವು ಕೇಳಬೇಕು.

‘ಇದನ್ನೆಲ್ಲ ಸಂದರ್ಶನದಲ್ಲಿ ಹೇಳಿದರೆ ಕೆಲಸ ಸಿಗಲ್ಲ ಕಣೋ, ಸುಮ್ನಿರು’ ಎನ್ನುತ್ತಾರೆ ಗೆಳೆಯರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಸುಮ್ಮನಿದ್ದು ನೋಡಿದ್ದೇನೆ. ಅದಕ್ಕೆ ತೆತ್ತದ್ದು ಸಂಬಳಕ್ಕಿಂತ ಹೆಚ್ಚು. ಕೆಲಸ ಇನ್ನೊಂದು ಹುಡುಕಬಹುದು.

ಇದು ನನ್ನೊಬ್ಬನ ಮಾತೂ ಅಲ್ಲ. ಟಿ.ಬಿ. ವಾಸಿಯಾದ ಮೇಲೂ ಶ್ವಾಸನಾಳ ಹಾಳಾಗಿ ದಿನಾ ಕಫ ತೆಗೆಯಬೇಕಾದವರು ನಮ್ಮ ಮಧುಗಿರಿ, ಶಿರಾ, ಕೊರಟಗೆರೆ ಕಡೆಯೂ ಇದ್ದಾರೆ. ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ವಾರಕ್ಕೆ ಎರಡು ದಿನ ಡಯಾಲಿಸಿಸ್‌ಗೆ ಹೋಗುವವರು ನಿಮ್ಮ ಕ್ಲಾಸಿನಲ್ಲೇ, ನಿಮ್ಮ ಕೋಚಿಂಗ್ ಸೆಂಟರ್‌ನಲ್ಲೇ ಇರಬಹುದು. ಅವರು ತಡವಾಗಿ ಬಂದಾಗ ‘ಎದ್ದಿದ್ದು ಈಗಲಾ?’ ಎನ್ನುವ ಮೊದಲು ಒಂದು ಕ್ಷಣ ತಡೆಯಿರಿ. ಅವರು ನಿಮಗಿಂತ ಬೇಗ ಎದ್ದು ಒಂದು ಪಾಳಿ ಮುಗಿಸಿ ಬಂದಿರಬಹುದು.

ತುಮಕೂರಿನಿಂದ ಫೋನ್ ಇನ್ನೂ ಬಂದಿಲ್ಲ. ಮುಂದಿನ ವಾರ ಇನ್ನೊಂದು ಸಂದರ್ಶನವಿದೆ, ಪಾವಗಡದಲ್ಲೇ. ಅಲ್ಲೂ ಹೇಳುತ್ತೇನೆ. ಅದಾದ ಮೇಲೆ ಬೆಂಗಳೂರಿಗೆ ಹೋಗಿ ಊದಬೇಕು. 65 ಬಂದರೆ ಅಮ್ಮ ಪಾಯಸ ಮಾಡುತ್ತಾರಂತೆ. 64 ಬಂದರೂ ಮಾಡಮ್ಮ ಎಂದಿದ್ದೇನೆ.