ಅರುವತ್ತನಾಲ್ಕು ಚುಕ್ಕೆಗಳ ಅಕ್ಷರ

ಕಟ್ಟಳೆಯಿಂದಲೂ ಚೆಲುವು ಹುಟ್ಟುವುದುಂಟೆಂಬುದನ್ನು ಛಂದಸ್ಸಿನ ಪರಿಚಯವಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂದಪದ್ಯದ ಮಾತ್ರೆಗಳ ಲೆಕ್ಕಕ್ಕೆ ತಲೆಬಾಗಿಯೇ ಪಂಪ ರನ್ನರ ಪ್ರತಿಭೆ ತಲೆಯೆತ್ತಿ ನಿಂತಿತು. ಇಂಥದೇ ಒಂದು ಕಟ್ಟಳೆ ವಿಡಿಯೋ ಆಟಗಳ ಆರಂಭದ ದಿನಗಳಲ್ಲಿ ಅಕ್ಷರಗಳಿಗೂ ಒದಗಿತು.

1970ರ ದಶಕದ ಕೊನೆಯಲ್ಲಿಯೂ 1980ರ ದಶಕದಲ್ಲಿಯೂ ಜಪಾನ್, ಅಮೆರಿಕಗಳ ಆಟದ ಯಂತ್ರಗಳಿಗಿದ್ದ ನೆನಪಿನ ಶಕ್ತಿ ಅತ್ಯಲ್ಪ. ಅವುಗಳಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಎಂಟು ಚುಕ್ಕೆಗಳ ಅಗಲ, ಎಂಟು ಚುಕ್ಕೆಗಳ ಎತ್ತರದ ಒಂದು ಮನೆ. ಒಟ್ಟು 64 ಚುಕ್ಕೆಗಳು. ನೆರೆಯ ಅಕ್ಷರಕ್ಕೆ ತಗುಲದಂತೆ ಒಂದು ಉದ್ದಸಾಲನ್ನೂ ಒಂದು ಅಡ್ಡಸಾಲನ್ನೂ ಬರಿದಾಗಿ ಬಿಟ್ಟರೆ ಉಳಿಯುವುದು 49. ಅಷ್ಟರಲ್ಲಿಯೇ ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರಗಳು ಸ್ಪಷ್ಟವಾಗಿಯೂ ಸೊಗಸಾಗಿಯೂ ಮೂಡಿದುವು.

ಈಗ ಆ ಬಡತನವಿಲ್ಲ. ಅಂಗೈಯ ಫೋನಿನ ಪರದೆಯಲ್ಲಿಯೇ ಲಕ್ಷಗಟ್ಟಲೆ ಚುಕ್ಕೆಗಳಿವೆ. ಆದರೂ ನಾಮ್ಕೊ ಸಂಸ್ಥೆಯ 1980ರ ದಶಕದ ಆಟಗಳ ಲಿಪಿಯನ್ನು ಅನುಸರಿಸಿದ 'ಪ್ರೆಸ್ ಸ್ಟಾರ್ಟ್ 2ಪಿ' ಎಂಬ ಅಕ್ಷರವಿನ್ಯಾಸವನ್ನು ಇಂದು ಆಟ ರಚಿಸುವವರು ಬಯಸಿ ಬಳಸುತ್ತಾರೆ. ಇದನ್ನು ಕೇವಲ ಹಳಮೆಯ ಹಂಬಲವೆಂದು ಹಳಿಯುವುದು ತರವಲ್ಲ. ಅಲ್ಪದಲ್ಲಿ ಅಧಿಕವನ್ನು ನುಡಿಯುವ ಗುಣಕ್ಕೆ ಮುಪ್ಪಿಲ್ಲ.

ಆ ವಿನ್ಯಾಸದಲ್ಲಿ ಗ್ರೀಕ್, ರಷ್ಯನ್ ಲಿಪಿಗಳಿಗೂ ಸ್ಥಳವುಂಟು, ಕನ್ನಡಕ್ಕಿಲ್ಲ. ಕನ್ನಡವನ್ನೂ ಅದೇ ಎಂಟರ ಮನೆಗೆ ಹೊಗಿಸೋಣವೆಂಬ ಉತ್ಸಾಹ ತರುಣರಲ್ಲಿ ಮೂಡಿದರೆ ಅದು ಸಹಜವೇ. ಆದರೆ ಇಲ್ಲಿ ವಿವೇಕ ಬೇಕು. 'ದನ'ಕ್ಕೂ 'ಧನ'ಕ್ಕೂ ಇರುವ ಅಂತರವೆಲ್ಲ ಹೊಟ್ಟೆಯ ಕೆಳಗಿನ ಒಂದು ಸೀಳು. ಚುಕ್ಕೆ ಸಾಲದೆ ಆ ಸೀಳು ಅಳಿದರೆ ಸಂಪತ್ತು ಕೊಟ್ಟಿಗೆಯನ್ನು ಸೇರುತ್ತದೆ! 'ಸ್ತ್ರೀ' ಎಂಬೊಂದು ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಇಷ್ಟು ದೊಡ್ಡ ಸಂಸಾರ ಆ ಕಿರುಮನೆಯಲ್ಲಿ ಬಾಳುವುದೆಂತು? ಜಪಾನೀಯರು ತಮ್ಮ ಕಾನಾ ಅಕ್ಷರಗಳನ್ನು ಎಂಟರ ಮನೆಯಲ್ಲಿರಿಸಿದರೂ ತೊಡಕಾದ ಕಾಂಜಿಗೆ ಸಾಮಾನ್ಯವಾಗಿ ಹದಿನಾರರ ಮನೆಯನ್ನು ಕಟ್ಟಿಕೊಟ್ಟರು. ನಮ್ಮ ಲಿಪಿಗೂ ಅಂಥ ವಿಶಾಲವಾದ ಮನೆಯೇ ಸಲ್ಲತಕ್ಕದ್ದು.

ಇದು ಆಟದ ಮಾತೆಂದು ವಿದ್ವಾಂಸರು ನಕ್ಕು ಸುಮ್ಮನಾಗಬಾರದು. ಪರದೆಯು ಇಂದಿನ ಮಕ್ಕಳಿಗೆ ಓದಿನ ಹಲಗೆಯೂ ಆಗಿದೆ. ಅಲ್ಲಿ ಕನ್ನಡ ಕಾಣದಿದ್ದರೆ, ಅಥವಾ ಕಂಡೂ ಓದಲು ಬಾರದಿದ್ದರೆ, ಅದು ಪಾಠದ ಪುಸ್ತಕಕ್ಕೆ ಮಾತ್ರ ಮೀಸಲಾದ ಲಿಪಿಯೆಂದು ಮಗು ಭಾವಿಸೀತು. ಆ ಭಾವನೆಯನ್ನು ಆಮೇಲೆ ತರಗತಿಯ ಉಪನ್ಯಾಸದಿಂದ ಅಳಿಸುವುದು ಸುಲಭವಲ್ಲ.

ಚುಕ್ಕೆಯ ಲೆಕ್ಕ ನಮಗೆ ಹೊಸತೇ? ಅಂಗಳದ ರಂಗೋಲಿ ಚುಕ್ಕೆಯಿಂದಲೇ ಬೆಳೆಯುತ್ತದೆ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನೆಣಿಸಿ ಕಸೂತಿಯಲ್ಲಿ ತೇರು, ಗೋಪುರ, ಆನೆಗಳನ್ನು ಮೂಡಿಸಿದರು. ಎಳೆಗಳನ್ನು ಉಳಿಸಲೆಂದು ತೇರಿನ ಕಳಸವನ್ನು ಕೈಬಿಡಲಿಲ್ಲ. ನಮ್ಮ ಲಿಪಿಕಾರರೂ ಮನೆಯನ್ನು ಹಿಗ್ಗಿಸಲಿ, ಒತ್ತನ್ನು ಕತ್ತರಿಸದಿರಲಿ.