ಗೃಹೋಪಯೋಗ: ಟೀವಿಯ ತಂತಿಗೆಷ್ಟು ಹಣ?

ನಮ್ಮ ಮನೆಯ ಟೀವಿಯ ಹಿಂಬದಿಯಲ್ಲಿ ಎಚ್‌ಡಿಎಂಐ ತಂತಿಯನ್ನು ಸಿಕ್ಕಿಸುವ ಪೋರ್ಟುಗಳು ಎರಡಿದ್ದುವು. ಅವುಗಳಲ್ಲೊಂದು ಹೋದ ವರ್ಷವೇ ಕೆಟ್ಟಿತು. ಸೆಟ್‌ಟಾಪ್ ಬಾಕ್ಸು, ಲ್ಯಾಪ್‌ಟಾಪು, ಮಕ್ಕಳ ಆಟದ ಪೆಟ್ಟಿಗೆ, ಈ ಮೂರಕ್ಕೂ ಉಳಿದುದು ಒಂದೇ ಪೋರ್ಟು. ದಿನಕ್ಕೆ ನಾಲ್ಕಾರು ಬಾರಿ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುತ್ತಿದ್ದುದರಿಂದ ಅದೂ ಸಡಿಲವಾಗತೊಡಗಿತು. ಹೊಸ ಟೀವಿಯನ್ನೇ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣದ ಮೇಲೆ ಎಲ್ಲರ ಕಣ್ಣೂ ಬಿದ್ದಿತು. ಆ ಹಣವನ್ನು ಉಳಿಸಿಕೊಟ್ಟುದು ೪೫೦ ರೂಪಾಯಿಯ ಒಂದು ಸಣ್ಣ ಸ್ವಿಚ್ಚು.

ಈ ಸ್ವಿಚ್ಚಿಗೆ ಒಂದು ಕಡೆ ಮೂರು ಪೋರ್ಟುಗಳು, ಇನ್ನೊಂದು ಕಡೆ ಒಂದು. ಮೂರು ಸಾಧನಗಳನ್ನೂ ಅದಕ್ಕೆ ಸೇರಿಸಿ, ಅದರಿಂದ ಟೀವಿಗೆ ಒಂದೇ ತಂತಿಯನ್ನೆಳೆದರೆ ಆಯಿತು. ಗುಂಡಿಯನ್ನೊತ್ತಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಟೀವಿಯ ಪೋರ್ಟನ್ನು ಮತ್ತೆ ಮತ್ತೆ ಮುಟ್ಟುವ ಪ್ರಮೇಯವೇ ಇಲ್ಲ. ಕೊಳ್ಳುವಾಗ 'ಸ್ವಿಚ್' ಎಂದೇ ಕೇಳತಕ್ಕದ್ದು. 'ಸ್ಪ್ಲಿಟರ್' ಎಂಬುದು ಬೇರೆ. ಅದು ಒಂದೇ ಸಾಧನದ ಚಿತ್ರವನ್ನು ಎರಡು ಟೀವಿಗಳಿಗೆ ಹಂಚುವಂಥದು.

ಇನ್ನು ತಂತಿಯ ವಿಚಾರ. ಅಂಗಡಿಯವರು ನಮ್ಮೆದುರಿಗೆ ೨೫೦ ರೂಪಾಯಿಯದನ್ನೂ ೨,೫೦೦ ರೂಪಾಯಿಯದನ್ನೂ ಇಟ್ಟು, ಎರಡನೆಯದರಲ್ಲಿ ಬಣ್ಣಗಳು ಹೆಚ್ಚು ಕಳೆಗಟ್ಟುವುವೆಂದರು. ವಾಚಕರು ಈ ಮಾತಿಗೆ ಮರುಳಾಗಬಾರದು. ಹಳದಿ, ಕೆಂಪು, ಬಿಳಿ ತುದಿಗಳಿದ್ದ ಹಳೆಯ ತಂತಿಗಳ ಕಾಲದಲ್ಲಿ, ತಂತಿ ಕಳಪೆಯಾದರೆ ಚಿತ್ರವೂ ಮಸುಕಾಗುತ್ತಿದ್ದುದು ನಿಜ. ೨೦೦೨ನೆಯ ಇಸವಿಯಲ್ಲಿ ರೂಪುಗೊಂಡ ಎಚ್‌ಡಿಎಂಐ ಕ್ರಮದಲ್ಲಿ ಚಿತ್ರವೂ ಧ್ವನಿಯೂ ಅಂಕೆಗಳಾಗಿ ಹರಿಯುತ್ತವೆ. ಅಂಕೆಗಳು ಸರಿಯಾಗಿ ಮುಟ್ಟಿದರೆ ಎರಡು ತಂತಿಗಳ ಚಿತ್ರವೂ ಒಂದೇ. ಮುಟ್ಟದಿದ್ದರೆ ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಮಿನುಗುತ್ತವೆ, ಇಲ್ಲವೆ ಚಿತ್ರವೇ ಆಗಾಗ ಮಾಯವಾಗುತ್ತದೆ. ತುದಿಯ ಚಿನ್ನದ ಲೇಪವು ತುಕ್ಕನ್ನು ತಡೆಯುವುದೇ ಹೊರತು ಬಣ್ಣಕ್ಕೆ ಮೆರುಗನ್ನು ಕೊಡಲಾರದು.

ಹಾಗೆಂದು ಎಲ್ಲ ಸಂದರ್ಭಕ್ಕೂ ಅಗ್ಗದ ತಂತಿಯೇ ಸಾಕೆಂದು ನಾವು ಹೇಳುವುದಿಲ್ಲ. ಸಾಮಾನ್ಯ ಫುಲ್ ಎಚ್‌ಡಿ ಟೀವಿಗೆ, ಎರಡು ಮೀಟರಿನೊಳಗಿನ 'ಹೈ ಸ್ಪೀಡ್' ತಂತಿಯು ಧಾರಾಳವಾಗಿ ಸಾಕು. ೪ಕೆ ಟೀವಿಯಲ್ಲಿ ಸೆಕೆಂಡಿಗೆ ೬೦ ಚಿತ್ರಗಳು ಬೇಕಾದರೆ ೧೮ ಗಿಗಾಬಿಟ್ ವೇಗವನ್ನು ತಾಳುವ 'ಪ್ರೀಮಿಯಂ ಹೈ ಸ್ಪೀಡ್' ಗುರುತನ್ನು ನೋಡಿ ಕೊಳ್ಳುವುದು ಯುಕ್ತ. ಸ್ವಿಚ್ಚಿಗೂ ಅದೇ ಯೋಗ್ಯತೆ ಇರಬೇಕು. ಇಲ್ಲದಿದ್ದರೆ ತಂತಿಗೆ ಸುರಿದ ಹಣ ವ್ಯರ್ಥ. ತಂತಿ ಐದು ಮೀಟರನ್ನು ದಾಟುವುದಾದರೆ, ಅಥವಾ ಗೋಡೆಯೊಳಗೆ ಹುದುಗುವುದಾದರೆ, ಅಲ್ಲಿ ಮಾತ್ರ ಕೈಬಿಗಿ ಹಿಡಿಯಬಾರದು. ಗೋಡೆಯನ್ನು ಒಡೆಯುವ ಖರ್ಚು ತಂತಿಯ ಬೆಲೆಗಿಂತ ದೊಡ್ಡದು.

ನಮ್ಮ ಸ್ವಿಚ್ಚು ಮೊದಲ ದಿನ ಕೊಂಚ ಕಾಡಿತು. ಲ್ಯಾಪ್‌ಟಾಪಿನ ಚಿತ್ರ ಬಂದು ಬಂದು ಹೋಗುತ್ತಿತ್ತು. ಅಗ್ಗದ ಸ್ವಿಚ್ಚುಗಳು ಸಾಧನಗಳಿಂದಲೇ ಅಲ್ಪ ವಿದ್ಯುತ್ತನ್ನು ಪಡೆಯುತ್ತವೆ; ಅದು ಒಮ್ಮೊಮ್ಮೆ ಸಾಲದು. ಯುಎಸ್‌ಬಿ ತಂತಿಯಿಂದ ವಿದ್ಯುತ್ತನ್ನು ಕೊಟ್ಟೊಡನೆ ಎಲ್ಲವೂ ನೆಟ್ಟಗಾಯಿತು. ಈ ಅನುಕೂಲವಿರುವ ಸ್ವಿಚ್ಚನ್ನೇ ಆರಿಸಿರಿ. ಅದರ ಭಾರವು ಟೀವಿಯ ಪೋರ್ಟಿನಿಂದ ಜೋತಾಡದಂತೆ ಮೇಜಿನ ಮೇಲಿರಿಸಿರಿ.

ಚಿತ್ರ ಕೆಟ್ಟಿತೆಂದು ರಿಪೇರಿಯವರನ್ನು ಕರೆಯುವುದಕ್ಕೆ ಮೊದಲು, ಸರಿಯಾಗಿ ನಡೆಯುತ್ತಿರುವ ಇನ್ನೊಂದು ತಂತಿಯನ್ನು ಹಾಕಿ ನೋಡಿರಿ. ತಪ್ಪು ತಂತಿಯದಾದರೆ ಕೂಡಲೇ ತಿಳಿದುಬರುವುದು. ಮಗಳ ಶುಲ್ಕವನ್ನು ನಾವು ಈ ತಿಂಗಳು ಕಟ್ಟಿದೆವು. ಹಳೆಯ ಟೀವಿಯು ಇನ್ನೂ ತನ್ನ ಸ್ಥಳದಲ್ಲಿಯೇ ಇದೆ.